ಕುಂಟು ಮಣೆ

ಅಟ್ಟ ಕ್ಲೀನ್ ಮಾಡುವಾಗ ಒಂಬತ್ತನೇ ಕ್ಲಾಸಲ್ಲಿ ನಾನೇ ಮಾಡಿದ ಹಲಸಿನ ಮರದ ಮಣೆ ಸಿಕ್ಕಿತು. ಇವತ್ತಿಗೂ ಕುಂಟುತ್ತದೆ! ಒಂದು ಕಾಲು ಉದ್ದ ಅಂತ ಅದನ್ನು ಕೊಯ್ದೆ, ಆಮೇಲೆ ಇನ್ನೊಂದು ಉದ್ದ ಅನ್ನಿಸಿತು, ಹೀಗೆ ಕೊಯ್ದು ಕೊಯ್ದು ಕೊನೆಗೆ ಮಣೆ ನೆಲಕ್ಕೆ ಅಂಟುವ ಹಾಗೆ ಆಗಿತ್ತು. ಕ್ರಾಫ್ಟ್ ಮೇಷ್ಟ್ರು ಬೈಯಲಿಲ್ಲ. ಸುಮ್ನೆ ಮೂಲೆ ಸರಿ ಇದೆಯಾ ಅಂತ ನೋಡುವ ಮೂಲೆಮಟ್ಟ ಕೈಗೆ ಕೊಟ್ಟು, "ಮೊದಲು ಅಳತೆ ಮಾಡು, ಆಮೇಲೆ ಕೊಯ್ಯಿ ಮಾರಾಯ" ಅಂದರು.

ಮರಕ್ಕೆ ಸುಳ್ಳು ಹೇಳೋಕೆ ಆಗಲ್ಲ ನೋಡಿ. ಎಳೆ ಹೋದ ದಿಕ್ಕಿಗೆ ಮರ ಹೆರೆಯುವ ಕೀಸುಳಿ ಹಿಡಿದರೆ ರೇಷ್ಮೆ ಥರ ಸುರುಳಿ ಬರುತ್ತದೆ, ಎದುರು ಹಿಡಿದರೆ ಸಿಬಿರು ಏಳುತ್ತದೆ, ಅಲ್ಲೇ ಗೊತ್ತಾಗಿಬಿಡುತ್ತದೆ ತಪ್ಪು ಯಾರದ್ದು ಅಂತ. ತೊಂಬತ್ತು ಡಿಗ್ರಿ ಅಂದರೆ ಏನು ಅಂತ ನನಗೆ ಅರ್ಥ ಆಗಿದ್ದು ಲೆಕ್ಕದ ಪುಸ್ತಕದಲ್ಲಿ ಅಲ್ಲ, ಕೂಡದೇ ಹೋದ ಒಂದು ಮೂಲೆಯಲ್ಲಿ.

ಫಿನ್‌ಲ್ಯಾಂಡಿನಲ್ಲಿ ಉನೊ ಸಿಗ್ನೇಯಸ್ ಅನ್ನುವ ಶಿಕ್ಷಣತಜ್ಞರ ಹಟದಿಂದ 1866ರಲ್ಲೇ ಕೈಕೆಲಸ ಶಾಲೆಯ ಪಾಠ ಆಯಿತು, ಅಲ್ಲಿನ ಮಕ್ಕಳು ಈಗಲೂ ಕಲಿಯುತ್ತಾರೆ. ನಮ್ಮಲ್ಲೂ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಇದನ್ನೇ ಹೇಳಿದ್ದರು, ಕಸುಬಿನ ಮೂಲಕವೇ ಓದು ಅಂತ. ಬಡಗಿ ಕೆಲಸ ಅಂದರೆ ಮೂಗು ಮುರಿಯುವ ನಮಗೆ ಅದು ರುಚಿಸಬೇಕಲ್ವಾ?

ಮಗಳಿಗೆ ಮಣೆ ತೋರಿಸಿದೆ. ಕೂತು ನೋಡಿ, ಅಲುಗಾಡಿಸಿ, "ಅಪ್ಪಾ, ಯಾವ ಕಾಲು ಗಿಡ್ಡ?" ಅಂದಳು. ಈಗ ಇಬ್ಬರೂ ಟೇಪ್ ಹುಡುಕುತ್ತಿದ್ದೇವೆ.