ನಡಾವಳಿಯಲ್ಲಿ ಇಲ್ಲದ ಚಿಲಕ

ನಾನು ಸಕಲೇಶಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಶುರುವಿನಲ್ಲಿ ನನಗದು ಬ್ಯಾನರ್ ಕಟ್ಟಿಸಿ, ಬಿಸ್ಕೆಟ್ ಹಂಚಿಸಿ, ಫೋಟೊ ಕಳಿಸುವ ಕೆಲಸ, ಅಷ್ಟೇ.

ಅಂಥದ್ದೇ ಒಂದು ಸಭೆಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕಾಫಿ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯವಳು. "ಸರ್, ಸ್ಕೂಲಿನ ಟಾಯ್ಲೆಟ್ಟಿಗೆ ಬಾಗಿಲಿದೆ, ಚಿಲಕ ಇಲ್ಲ. ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ಬೇಕು" ಅಂದಳು. ಹುಡುಗರು ಕಿಸಕ್ಕನೆ ನಕ್ಕರು. ನಾನು ನಡಾವಳಿಯಲ್ಲಿ 'ಶೌಚಾಲಯ ದುರಸ್ತಿಗೆ ಕೋರಲಾಯಿತು' ಅಂತ ಬರೆದೆ. ಕಚೇರಿ ಭಾಷೆ ಕೈಗೆ ಅಂಟಿಬಿಟ್ಟಿರುತ್ತದೆ, ಅಲ್ವಾ?

ದುರಸ್ತಿ ಆಯಿತು. ಗೋಡೆಗೆ ಬಣ್ಣ, ನೆಲಕ್ಕೆ ಟೈಲ್ಸ್. ಚಿಲಕ ಬರಲಿಲ್ಲ. ಕಾಗದದಲ್ಲಿ ಅದು ಇರಲೇ ಇಲ್ಲವಲ್ಲ! ಬಿಲ್ಲಿಗೆ ಸಹಿ ಹಾಕಿದವನೂ ನಾನೇ.

ಮರುವರ್ಷ ಅವಳು ಒಬ್ಬಳೇ ಬರಲಿಲ್ಲ. ಪಿಯುಸಿ ಓದುವ ಇಬ್ಬರು ಅಕ್ಕಂದಿರು, ಹೈಸ್ಕೂಲಿನ ನಾಲ್ಕೈದು ಹುಡುಗರು ಜೊತೆಗಿದ್ದರು. ಹೋದ ವರ್ಷ ನಕ್ಕವರೂ ಅದರಲ್ಲಿದ್ದರು. ಕೈಯಲ್ಲಿ ನಡಾವಳಿಯ ಜೆರಾಕ್ಸ್. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನೂ ಓದಿಕೊಂಡಿದ್ದರು. "ಸ್ಕೂಲು ನೋಡ್ಕೊಳ್ಳೋ ಎಸ್‌ಡಿಎಂಸಿ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಪ್ಪ ಅಮ್ಮಂದಿರೇ ಇರ್ಬೇಕು, ಅರ್ಧ ಹೆಂಗಸರು ಇರ್ಬೇಕು ಅಂತಿದೆ. ಮೀಟಿಂಗ್ ಸೋಮವಾರ ಹನ್ನೊಂದು ಗಂಟೆಗೆ ಇಟ್ರೆ ತೋಟದ ಕೆಲಸ ಬಿಟ್ಟು ನಮ್ಮಮ್ಮ ಹೇಗೆ ಬರ್ತಾರೆ ಸರ್?" ಅಂತ ಅವಳು ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಅಲ್ಲಿದ್ದ ಯಾರಿಗೂ ಅಷ್ಟೂ ತುಂಬಿರಲಿಲ್ಲ. ಓಟಿಲ್ಲದವರ ಮಾತನ್ನು ನಾವು ಸುಮ್ನೆ ತಲೆಯಾಡಿಸಿ ಕೇಳುತ್ತೇವೆ. ಓಟಿದ್ದ ಯಾರಾದರೂ ಚಿಲಕ ಕೇಳಿದ್ದರೆ ನಾನು ಚಿಲಕ ಅಂತಲೇ ಬರೆಯುತ್ತಿದ್ದೆನೇನೋ.

ಮೀಟಿಂಗಿನ ವಿಷಯ ಹೆಡ್‌ಮಾಸ್ಟರ ಹತ್ತಿರ ಮಾತಾಡಿದೆ, ಭಾನುವಾರಕ್ಕೆ ಒಪ್ಪಿದರು. ಈಗ ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಸಭೆ ಮುಗಿಯುವ ಮೊದಲು ಜೋರಾಗಿ ಓದುತ್ತೇನೆ. ತಪ್ಪಿದ್ದರೆ ಅವರೇ ತಿದ್ದಿಸುತ್ತಾರೆ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಸದಸ್ಯರು ಗೊಣಗುತ್ತಾರೆ.

ಚಿಲಕ ಹಾಕಿಸಿದ ದಿನ ಹೋಗಿ ನೋಡಿದೆ. ಬಡಗಿ ತನ್ನ ಎದೆಮಟ್ಟಕ್ಕೆ ಜಡಿದಿದ್ದ. ಒಂದನೇ ಕ್ಲಾಸಿನ ಮಗುವೊಂದು ತುದಿಗಾಲಲ್ಲಿ ನಿಂತರೂ ಎಟುಕಲಿಲ್ಲ. ಅವನನ್ನು ವಾಪಸ್ ಕರೆಸಿದೆ.