ಮುಳ್ಳಿನ ಮುಖ ಯಾವ ಕಡೆಗೆ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಕಾಂಪೌಂಡಿನ ಮೇಲೆ ಹಬ್ಬಿರುವ ಕಾಗದದ ಹೂವಿನ ಗಿಡವನ್ನು ಬುಡಸಮೇತ ಕೀಳಿಸಿಬಿಡಿ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಅವರ ಮಾತಿಗೆ ಕಾರಣವಿದೆ. ಬೇಸಿಗೆಯುದ್ದಕ್ಕೂ ರಾಣಿ ಬಣ್ಣದಲ್ಲಿ ಮೆರೆಯುವ ಬೋಗನ್‌ವಿಲ್ಲಾ, ಮುಂಗಾರಿಗೆ ಮುಂಚಿನ ಮಳೆ ಬಿದ್ದ ಕೂಡಲೇ ಹೂವನ್ನು ಮರೆತು ಬಳ್ಳಿ ಚಾಚಲು ತೊಡಗುತ್ತದೆ. ಆ ಬಳ್ಳಿಗಳು ಬಾಗುವುದು ರಸ್ತೆಗೆ, ಸೈಕಲ್ ತುಳಿಯುವ ಮಕ್ಕಳ ಕಣ್ಣಿನ ಎತ್ತರಕ್ಕೆ. ಆದ್ದರಿಂದ ಪ್ರತಿ ವರ್ಷ ಹೂವಿನ ಸುಗ್ಗಿ ಮುಗಿದು ಮೃಗಶಿರಾ ಮಳೆ ಹಿಡಿಯುವುದರೊಳಗೆ ಒಂದು ಇಡೀ ದಿನವನ್ನು ಈ ಗಿಡಕ್ಕೆ ಎತ್ತಿಡುತ್ತೇನೆ. ಈ ಜೂನ್‌ನಲ್ಲಿ ಅದು ಒಂದು ಭಾನುವಾರವಾಗಿತ್ತು.

ಬೇಲಿ ಕತ್ತರಿ ಹಿಡಿದು ಬಂದ ಕೆಲಸದವನು, ಅರ್ಧ ಗಂಟೆಯಲ್ಲಿ ಪೆಟ್ಟಿಗೆಯ ಹಾಗೆ ಮಟ್ಟ ಮಾಡಿಕೊಡುತ್ತೇನೆ ಎಂದ. ನಾನು ಒಪ್ಪಲಿಲ್ಲ. ಈ ಗಿಡವನ್ನು ಹೊರಗಿನಿಂದ ಬೋಳಿಸುವುದು ನನ್ನ ಪ್ರಕಾರ ಅನ್ಯಾಯ. ಕತ್ತರಿಸಿದ ಒಂದೊಂದು ತುದಿಯೂ ಹಲವು ಚಿಗುರಾಗಿ ಒಡೆದು ಹೊರಗೆ ಹಸಿರು ಗೋಡೆ ಕಟ್ಟುತ್ತದೆ. ಒಳಗೆ ಬೆಳಕಿಲ್ಲದೆ ಕಡ್ಡಿಗಳು ಒಣಗಿ ಬರೀ ಮುಳ್ಳಿನ ಗೂಡಾಗುತ್ತದೆ. ಹೂ ಬರುವುದು ಹೊಸ ಚಿಗುರಿನಲ್ಲಿ. ಮತ್ತೆ ಮತ್ತೆ ಬೋಳಿಸುತ್ತಿದ್ದರೆ ಹೂವಾಗಬೇಕಾದದ್ದೆಲ್ಲ ಮೊದಲೇ ನೆಲಕ್ಕೆ ಬೀಳುತ್ತದೆ.

ಚರ್ಮದ ಕೈಗವಸು, ದಪ್ಪ ಖಾದಿ ಅಂಗಿ, ಕನ್ನಡಕ, ಸ್ಪಿರಿಟ್‌ನಲ್ಲಿ ಒರೆಸಿದ ಸಿಕೇಟರ್ ಎಂಬ ಗಿಡ ಕತ್ತರಿಸುವ ಕೈಕತ್ತರಿ, ಒಂದು ಕೈಗರಗಸ. ಮೊದಲು ಗೇಟು ದಾಟಿ ರಸ್ತೆಗೆ ಹೋಗಿ ನಿಂತೆ. ಅಂಗಳದಲ್ಲಿ ನಿಂತು ನೋಡಿದರೆ ಗಿಡ ಚೆಂದವಾಗಿಯೇ ಕಾಣುತ್ತದೆ. ಅದು ಯಾರಿಗೆ ಚುಚ್ಚುತ್ತದೆ ಎಂಬುದು ತಿಳಿಯುವುದು ಹೊರಗೆ, ಸ್ವಲ್ಪ ಬಗ್ಗಿ ನೋಡಿದಾಗ.

ಒಣಗಿದ ಕಡ್ಡಿಗಳನ್ನು ಬುಡದಿಂದ ತೆಗೆದ ಮೇಲೆ ಉಳಿದದ್ದು ನೀರು ಕುಡಿದು ಕೊಬ್ಬಿದ ನೆಟ್ಟನೆಯ ಬಳ್ಳಿಗಳು. ಅತಿ ದೊಡ್ಡ ಮುಳ್ಳುಗಳಿರುವುದು ಇವುಗಳಲ್ಲೇ. ಇಲ್ಲಿ ಈ ಗಿಡದ ಒಂದು ಗುಟ್ಟನ್ನು ಹೇಳಲೇಬೇಕು. ಎಲೆಯ ಕಂಕುಳಲ್ಲಿ ಹುಟ್ಟುವ ಒಂದೇ ಬಗೆಯ ಮೊಗ್ಗು ಮುಳ್ಳೂ ಆಗಬಲ್ಲದು, ಹೂಗೊಂಚಲೂ ಆಗಬಲ್ಲದು. ನೀರು, ಸಾರಜನಕ ಧಾರಾಳವಾಗಿ ಸಿಕ್ಕಿ ಬಳ್ಳಿ ಭರದಿಂದ ಓಡುತ್ತಿದ್ದರೆ ಅದು ಮುಳ್ಳಾಗುತ್ತದೆ. ಓಟ ನಿಂತು ಮಣ್ಣು ಒಣಗಿದಾಗ ಹೂವಾಗುತ್ತದೆ. ನಾವು ಹೂವೆಂದು ಕರೆಯುವುದು ಕೂಡ ಬಣ್ಣ ಬಂದ ಎಲೆಗಳನ್ನೇ. ನಿಜವಾದ ಹೂಗಳು ಅವುಗಳ ನಡುವೆ ಮೂರು ಸಣ್ಣ ಬಿಳಿ ಕೊಳವೆಗಳಾಗಿ ನಿಂತಿರುತ್ತವೆ. ಇದನ್ನು ತಿಳಿದ ಮೇಲೆ ಈ ಗಿಡಕ್ಕೆ ಸಾರಜನಕದ ಗೊಬ್ಬರವಾದ ಯೂರಿಯಾ ಹಾಕುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ, ಹೋಗಿ ಹೇಳಿಯೇ ಬರುತ್ತೇನೆ.

ಕೊಬ್ಬಿದ ಬಳ್ಳಿಗಳಲ್ಲಿ ಕೆಲವನ್ನು ಬುಡಕ್ಕೇ ಕತ್ತರಿಸಿದೆ. ಉಳಿಸಿಕೊಂಡವನ್ನು, ಮನೆಯ ಕಡೆಗೆ ಮುಖ ಮಾಡಿದ ಕಣ್ಣೊಂದನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ಹುಡುಕಿ ಅದರ ಸ್ವಲ್ಪ ಮೇಲಕ್ಕೆ ಕಡಿದೆ. ಚಿಗುರು ಆ ಕಣ್ಣು ನೋಡುವ ದಿಕ್ಕಿಗೇ ಹೊರಡುತ್ತದೆ. ಮಣಿಕಟ್ಟಿನಷ್ಟು ದಪ್ಪದ ಒಂದು ಕೊಂಬೆಗೆ ಕೆಳಗಿನಿಂದ ಅರ್ಧದಷ್ಟು ಗರಗಸ ಹಾಕಿ ಆಮೇಲೆ ಮೇಲಿನಿಂದ ಕೊಯ್ದೆ. ಇಲ್ಲದಿದ್ದರೆ ಭಾರಕ್ಕೆ ಮುರಿದು ತೊಗಟೆ ಉದ್ದಕ್ಕೆ ಸಿಗಿದು ಬರುತ್ತದೆ. ಕಡಿದ ಬಳ್ಳಿಯನ್ನು ಎಳೆಯಬಾರದು. ಬಾಗಿದ ಮುಳ್ಳುಗಳು ಗಾಳದಂತೆ ಸಿಕ್ಕಿಕೊಂಡು, ಬಿಟ್ಟ ಕ್ಷಣ ಮುಖಕ್ಕೆ ಹಾರುತ್ತವೆ. ತುದಿಯಿಂದ ತುಂಡು ತುಂಡಾಗಿ ಇಳಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಸಂಜೆಯವರೆಗೂ ಹಿಡಿದದ್ದು ಕಸದ ಕೆಲಸ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ಊರು ನಮ್ಮದು. ಆ ಹೆಸರನ್ನು ಗಳಿಸಿದ್ದು ಬೆಳಗಾಗುವ ಮೊದಲೇ ಬೀದಿಗಿಳಿಯುವ ಪೌರಕಾರ್ಮಿಕರ ಕೈಗಳು. ಬೋಗನ್‌ವಿಲ್ಲಾದ ಮುಳ್ಳು ಒಣಗಿದಷ್ಟೂ ಗಡುಸಾಗುತ್ತದೆ. ಎಲೆಯ ರಾಶಿಯೊಳಗೆ ಕಾಣುವುದೇ ಇಲ್ಲ. ಅದನ್ನು ಹಾಗೆಯೇ ರಸ್ತೆಯ ಅಂಚಿಗೆ ತಳ್ಳಿ ಬಾಗಿಲು ಹಾಕಿಕೊಳ್ಳುವುದು ನನ್ನಿಂದಾಗದು. ಎಲೆಗಳನ್ನು ಗೊಬ್ಬರದ ಗುಂಡಿಗೆ ಉದುರಿಸಿ, ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಎರಡು ಪದರದ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದೆ. ಬಿದ್ದ ಚೂರುಗಳಿಗಾಗಿ ಪಾದಚಾರಿ ದಾರಿಯನ್ನು ಮತ್ತೊಮ್ಮೆ ಗುಡಿಸಿದೆ. ಮರುದಿನ ಗಾಡಿ ಬಂದಾಗ ಚೀಲದಲ್ಲಿ ಮುಳ್ಳಿದೆ ಎಂದು ಹೇಳಿ, ಅದನ್ನು ನಾನೇ ಎತ್ತಿ ಇಟ್ಟೆ. "ಹೀಗೆ ಹೇಳಿ ಕೊಡುವವರು ಕಡಿಮೆ. ನಮಗೆ ಗೊತ್ತಾಗುವುದು ಚುಚ್ಚಿದ ಮೇಲೆಯೇ," ಎಂದರು ಗಾಡಿಯ ಹೆಣ್ಣುಮಗಳು.

ಪೆನ್ಸಿಲ್ ದಪ್ಪದ ಒಂದಷ್ಟು ಬಲಿತ ಕಡ್ಡಿಗಳನ್ನು ಮರಳು ಬೆರೆಸಿದ ಮಣ್ಣಿಗೆ ಊರಿದ್ದೇನೆ. ಮಳೆಗಾಲದ ತೇವಕ್ಕೆ ಬೇರು ಬಿಡುತ್ತವೆ. ಗಿಡ ಕೀಳಿಸಿ ಎಂದವರಲ್ಲೇ ಇಬ್ಬರು ಸಸಿ ಕೇಳಿದ್ದಾರೆ. ಕಾಂಪೌಂಡಿನಿಂದ ಮೂರಡಿಯಾದರೂ ಒಳಗೆ ನೆಡುವುದಾದರೆ ಮಾತ್ರ ಕೊಡುತ್ತೇನೆ ಎಂದಿದ್ದೇನೆ.