ನೀರು ಅಂಟದಿದ್ರೆ ಸಾಕಲ್ವಾ, ಹೊಳೆಯೋದು ಯಾಕೆ?

ನಾನು ನೀರು ಅಂಟದ ಲೇಪನಕ್ಕೆ ಬೇಕಾದ ಪುಡಿ ತಯಾರಿಸುತ್ತೇನೆ. ಬಟ್ಟೆಗೋ ಟೈಲ್ಸಿಗೋ ಸ್ಪ್ರೇ ಮಾಡಿದರೆ ನೀರಿನ ಹನಿ ದುಂಡಗಾಗಿ ಉರುಳಿ ಹೋಗುತ್ತದೆ. ನೀಲಿ ಬೆಳಕು ಬಿಟ್ಟರೆ ಅದೇ ಪುಡಿ ಹಸಿರಾಗಿ ಹೊಳೆಯುತ್ತದೆ. ಇಷ್ಟು ಹೇಳಿದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: "ನೀರು ಅಂಟದಿದ್ರೆ ಸಾಕಲ್ವಾ, ಹೊಳೆಯೋದು ಯಾಕೆ? ಶೋಕಿಗಾ?"

ಶೋಕಿಗಲ್ಲ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಒಂದು ಮದುವೆ ಮನೆಯಲ್ಲಿ ದೂರದ ಚಿಕ್ಕಪ್ಪ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದರು. "ನಮ್ಮನೆ ಟೆರೇಸ್ ಸೋರುತ್ತೆ ಕಣೋ. ನಿನ್ನ ಪುಡಿ ಎರಡು ಕೆಜಿ ಕೊಡು. ಹೊಳೆಯದೇ ಇರೋದನ್ನೇ ಕೊಡು, ಅಗ್ಗ ಆಗುತ್ತೆ" ಅಂದರು. ಸುತ್ತಲಿದ್ದವರು ನಕ್ಕರು. ನನಗೆ ಸಿಟ್ಟೇ ಬಂತು. ಚಿಕ್ಕಪ್ಪ, ಟೆರೇಸಿನ ಬಿರುಕಿಗೆ ಇದು ಮದ್ದಲ್ಲ. ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೇ ಹನಿಯನ್ನು ಎತ್ತಿ ಹಿಡಿಯುವುದು. ಮಳೆನೀರು ಗಂಟೆಗಟ್ಟಲೆ ನಿಂತರೆ ಆ ಗಾಳಿ ಹೊರಟುಹೋಗುತ್ತದೆ, ನೀರು ಸಂದಿಗೆ ಇಳಿಯುತ್ತದೆ. ಮೇಸ್ತ್ರಿಯನ್ನು ಕರೆಸಿ.

ಇನ್ನು ಹೊಳಪಿನ ವಿಷಯ. ಅಡುಗೆಮನೆಯಲ್ಲೇ ನೋಡಬಹುದು. ಪತ್ರೊಡೆಗೆ ತಂದ ಕೆಸುವಿನ ಎಲೆಯ ಮೇಲೆ ಹನಿ ನೀರು ಹಾಕಿ. ಮುತ್ತಿನಂತೆ ಉರುಳುತ್ತದೆ. ಎಲೆಯ ಮೈಮೇಲೆ ಸಣ್ಣ ಸಣ್ಣ ಉಬ್ಬುಗಳು, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ತಾವರೆ ಎಲೆಯದ್ದೂ ಇದೇ ಗುಟ್ಟು. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಅದನ್ನು ವಿವರವಾಗಿ ತೋರಿಸಿಕೊಟ್ಟರು. ಈಗ ಕೆಸುವಿನ ಎಲೆಯ ಒಂದು ಜಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ, ಮತ್ತೆ ನೀರು ಹಾಕಿ. ಅಲ್ಲಿ ಹನಿ ಅಂಟಿಕೊಂಡು ಕೂರುತ್ತದೆ. ಉಜ್ಜಿದ ಜಾಗ ಕಡುಹಸಿರಾಗಿರುವುದೂ ಕಾಣುತ್ತದೆ. ಮೇಣ ಎಲ್ಲಿ ಹೋಗಿದೆ ಅಂತ ಎಲೆಯೇ ತೋರಿಸುತ್ತದೆ.

ನಮ್ಮ ಲೇಪನ ತೋರಿಸುವುದಿಲ್ಲ. ಬಿಳಿ ಟೈಲ್ಸ್ ಮೇಲೆ, ತಿಳಿ ಬಣ್ಣದ ಬಟ್ಟೆಯ ಮೇಲೆ ಅದು ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲ್ಲ. ಮೊಣಕೈ ತಾಗುವ ಕಡೆ, ಬ್ಯಾಗಿನ ಪಟ್ಟಿ ಉಜ್ಜುವ ಕಡೆ ಮೊದಲು ಕಿತ್ತು ಹೋಗುತ್ತದೆ. ಅದನ್ನು ಕಾಣಿಸುವುದಕ್ಕೇ ಬಣ್ಣ. ನೀಲಿ ಟಾರ್ಚ್ ಬಿಟ್ಟು ಹಳದಿ ಕನ್ನಡಕದಿಂದ ನೋಡಿದರೆ ಲೇಪನ ಇರುವ ಕಡೆ ಹಸಿರು, ಹೋದ ಕಡೆ ಕಪ್ಪು. ಯುವಿ ಲೈಟ್ ಬಳಸಲ್ಲ, ಯಾಕಂದರೆ ಬಟ್ಟೆ ಒಗೆಯುವ ಪುಡಿಯಲ್ಲಿರುವ ಬಿಳುಪುಕಾರಕವೂ ಅದರಲ್ಲಿ ಹೊಳೆದು ಗೊಂದಲ ಮಾಡುತ್ತದೆ.

ಬಣ್ಣವನ್ನು ಸುಮ್ನೆ ಮೇಲೆ ಬಳಿದರೆ ತೊಳೆದು ಹೋಗುತ್ತದೆ. ಅದಕ್ಕೇ ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಜಾತಿಯ ಬಣ್ಣವನ್ನು ಮೊದಲು ಸಿಲೇನ್‌ಗೆ (ಸಿಲಿಕಾಗೆ ಬೆಸೆದುಕೊಳ್ಳುವ ಸಿಲಿಕಾನ್ ಸಂಯುಕ್ತ) ಕಟ್ಟಿ, ಸಿಲಿಕಾ ಕಣ ಬೆಳೆಯುವಾಗಲೇ ಒಳಗೆ ಸೇರಿಸುತ್ತೇವೆ. ಸಿಲಿಕಾ ಅಂದರೆ ಮರಳಿನಲ್ಲಿರುವ ವಸ್ತುವೇ, ನಮ್ಮ ಪುಡಿಯ ಕಣಗಳು ಅದರವು. ವಿಜ್ಞಾನಿ ಸ್ಟೋಬರ್ ಅವರ ತಂಡ 1968ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಇದಕ್ಕೆ ಆಧಾರ. ಆಲ್ಕೋಹಾಲ್, ನೀರು, ಅಮೋನಿಯಾ ಇರುವ ಫ್ಲಾಸ್ಕಿಗೆ ಟಿಇಒಎಸ್ ಎಂಬ, ಸಿಲಿಕಾ ಆಗಿ ಬದಲಾಗುವ ದ್ರವ ಬಿಡುತ್ತೇವೆ. ತಿಳಿಯಾಗಿದ್ದ ದ್ರಾವಣ ನೋಡನೋಡುತ್ತಲೇ ಹಾಲಿನಂತಾಗುತ್ತದೆ. ಈ ಕಣಗಳ ಮೇಲೆ ಇನ್ನೂ ಸಣ್ಣ ಸಿಲಿಕಾ ಕಣಗಳನ್ನು ಕೂರಿಸುತ್ತೇವೆ. ಕೊನೆಗೆ ನೀರು ಅಂಟದಂತೆ, ಮೇಣದಂಥ ಉದ್ದ ಹೈಡ್ರೋಕಾರ್ಬನ್ ಬಾಲದ ಸಿಲೇನ್ ಹೊದಿಕೆ. ಫ್ಲೋರಿನ್ ಸೇರಿಸಿದರೆ ಎಣ್ಣೆಯನ್ನೂ ತಡೆಯಬಹುದಿತ್ತು. ಆದರೆ ಪರಿಸರದಲ್ಲಿ ಒಡೆಯದೆ ಉಳಿಯುವ ಆ ಫ್ಲೋರಿನ್ ರಾಸಾಯನಿಕಗಳ ಸಹವಾಸ ನನಗೆ ಬೇಡ.

ಯಾರೂ ಕೇಳದ ಪ್ರಶ್ನೆಯೊಂದಿದೆ. "ಹೊಳಪು ಹೋಯ್ತು ಅಂದ್ರೆ ಲೇಪನ ಹೋಯ್ತು ಅಂತಲೇನಾ?" ಇದನ್ನು ಕೇಳಿದವರ ಜೊತೆ ಸಂಜೆಯವರೆಗೂ ಕೂತು ಮಾತಾಡಲು ನಾನು ತಯಾರು. ಯಾಕಂದರೆ ಬಣ್ಣ ಬಿಸಿಲಿಗೆ ಮಾಸುತ್ತದೆ. ಸಿಲಿಕಾದ ಒಳಗಿದ್ದರೆ ನಿಧಾನಕ್ಕೆ, ಆದರೂ ಮಾಸುತ್ತದೆ. ಇನ್ನೊಂದು ಕಡೆ, ಹೊರಗಿನ ಸಿಲೇನ್ ಮಾತ್ರ ಸವೆದು ಕಣ ಅಲ್ಲೇ ಉಳಿಯಬಹುದು. ಹಾಗಾಗಿ ಟಾರ್ಚಿನ ಜೊತೆ ಒಂದು ಹನಿ ನೀರೂ ಬೇಕು. ಹೊಳೆಯುತ್ತಿದೆ, ಹನಿ ಅಂಟುತ್ತಿದೆ ಅಂದರೆ ಹೊದಿಕೆ ಸವೆದಿದೆ, ಇಲ್ಲವೇ ಮೇಲೆ ಜಿಡ್ಡು ಕೂತಿದೆ. ಕಪ್ಪಾಗಿದೆ, ಆದರೆ ಹನಿ ಉರುಳುತ್ತಿದೆ ಅಂದರೆ ಮಾಸಿದ್ದು ಬಣ್ಣ ಮಾತ್ರ. ಕಪ್ಪೂ ಆಗಿ ಹನಿಯೂ ಅಂಟಿದರೆ ಹೆಚ್ಚಾಗಿ ಪುಡಿಯೇ ಹೋಗಿರುತ್ತದೆ, ಅಲ್ಲಿಗಷ್ಟೇ ಮತ್ತೆ ಸ್ಪ್ರೇ ಮಾಡಿದರೆ ಸಾಕು.